ಎಡಗಡೆಯ ನಾಲ್ಕನೇ ಕೋಣೆ

ಸೋಮವಾರ, ಹನ್ನೊಂದನೇ ತಾರೀಖು
ಜೆಟ್ಟಿಯ ಹಿಂದಿನ ಮನೆಯಿಂದ

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದ.

ಇವತ್ತು ನನ್ನ ಉಪವಾಸ. ಬೆಳಗಿನಿಂದ ಎರಡು ಲೋಟ ನೀರು ಬಿಟ್ಟರೆ ಬೇರೇನೂ ಒಳಗೆ ಹೋಗಿಲ್ಲ. ಎದ್ದು ಮನೆ ಗುಡಿಸಿ, ಸ್ನಾನ ಮುಗಿಸಿ, ದೇವರಿಗೆ ದೀಪ ಹಚ್ಚಿ, ಆಮೇಲೆ ಜೆಟ್ಟಿಗೆ ಇಳಿದು ಹಲಗೆಗಳ ಮೇಲಿನ ಹಕ್ಕಿ ಹಿಕ್ಕೆ ತೊಳೆದು, ಬಿಳಿಗಡ್ಡದ ಪೈಲಟ್ ಅವರ ವಿಮಾನಕ್ಕೆ ಪಂಪು ಹೊಡೆದು ಬಂದು ಕೂತಿದ್ದೇನೆ. ಕೈಗೆ ಇನ್ನೂ ರಬ್ಬರಿನ ವಾಸನೆ ಇದೆ. ಕಾಗದಕ್ಕೂ ಹತ್ತಿರಬಹುದು, ಮೂಸಿ ನೋಡು.

ನಿನ್ನ ಪತ್ರ ಬಂದು ಹತ್ತೊಂಬತ್ತು ದಿನವಾಯಿತು. ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ಹೊಟ್ಟೆ ಖಾಲಿ ಇರುವಾಗ ನನಗೆ ಸುಳ್ಳು ಹೊರಡುವುದಿಲ್ಲ, ಹಾಗಾಗಿ ಉಪವಾಸದ ದಿನವೇ ಬರೆಯಬೇಕೆಂದು ಎರಡು ಸೋಮವಾರ ಹೀಗೆಯೇ ಕೂತೆ. ಎರಡು ಸಲವೂ ‘ಚಿರಂಜೀವಿ’ ಎನ್ನುವ ಪದದ ಹತ್ತಿರ ಪೆನ್ನು ನಿಂತುಬಿಟ್ಟಿತು. ಹರಿದು ಒಲೆಗೆ ಹಾಕಿದೆ. ಇವತ್ತು ಬರೆದಿದ್ದೇನೆ. ಎಷ್ಟೆಂದರೂ ಆ ಹಾರೈಕೆ ನಿನ್ನ ಮಟ್ಟಿಗೆ ಫಲಿಸಿದೆ. ನೀನು ಬದುಕಿ ದಡಕ್ಕೆ ಬಂದೆ.

ನಿನ್ನ ಕಾಲಿನ ಗಾಯ ಒಣಗಿತೇ? ನಿನ್ನ ಹೆಂಡತಿ ಹೇಗಿದ್ದಾಳೆ? ಇಲ್ಲಿ ಎಲ್ಲರೂ ಇದ್ದ ಹಾಗೇ ಇದ್ದಾರೆ, ಒಬ್ಬರನ್ನು ಬಿಟ್ಟು.

ಇನ್ನು ನೀನು ಕಳಿಸಿದ ಟೈಪ್ ಮಾಡಿದ ಹಾಳೆಯ ವಿಷಯ. ‘ಇಲ್ಲಿ ಸಹಿ ಮಾಡು’ ಎಂದು ಪೆನ್ಸಿಲಿನಲ್ಲಿ ಗುಣಿಸು ಗುರುತು ಬೇರೆ ಹಾಕಿದ್ದೀಯ, ನಾನೇನು ಹೆಬ್ಬೆಟ್ಟಿನವಳು ಎನ್ನುವ ಹಾಗೆ. ನಮ್ಮೂರ ಶಾಲೆಯಲ್ಲಿ ಏಳನೇ ತರಗತಿ ದಾಟಿದ್ದೇನೆ, ನಿನಗೆ ಅಕ್ಷರ ಕಲಿಸಿದ್ದೂ ನಾನೇ. ಹಾಳೆಯಲ್ಲಿ ಎರಡೇ ಸಾಲು. ಒಂದು, ‘ಆ ದಿನ ಬೆಳಿಗ್ಗೆ ಗಾಳಿ ಸಾಮಾನ್ಯವಾಗಿತ್ತು.’ ಎರಡು, ‘ನನ್ನ ಪತಿ ಫ್ಲೋಟುಗಳ ನೀರು ತೆಗೆದದ್ದನ್ನು ನಾನು ನೋಡಿಲ್ಲ.’

ಎರಡನೇ ಸಾಲನ್ನು ಓದಿ ನನಗೆ ನಗು ಬಂತು ಎಂದರೆ ನಂಬುತ್ತೀಯಾ? ಎಷ್ಟು ಚೆನ್ನಾಗಿ ಹೆಣೆದಿದ್ದೀಯ. ಸುಳ್ಳೂ ಅಲ್ಲ, ನಿಜವೂ ಅಲ್ಲ. ಅಕ್ಕ ದೇವರಿಗೆ ಹೆದರುವವಳು, ಸುಳ್ಳಿಗೆ ಸಹಿ ಹಾಕುವುದಿಲ್ಲ, ಅವಳಿಗೆ ತಕ್ಕ ಹಾಗೆ ನಿಜವನ್ನೇ ಕತ್ತರಿಸಿ ಹೊಲಿಯೋಣ ಎಂದು ಕೂತು ಯೋಚಿಸಿದ್ದೀಯ. ಹೌದು, ನಿನ್ನ ಭಾವ ಆ ದಿನ ನೀರು ತೆಗೆದದ್ದನ್ನು ನಾನು ನೋಡಿಲ್ಲ. ಅದಕ್ಕೆ ಹಿಂದಿನ ನಾಲ್ಕು ತಿಂಗಳೂ ನೋಡಿಲ್ಲ. ತೆಗೆಯುತ್ತಿದ್ದವಳು ನಾನು.

ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಗೊತ್ತಿಲ್ಲದವನಿಗೆ ಹೇಳುವ ಹಾಗೆ ಹೇಳುತ್ತೇನೆ, ಯಾಕೆಂದರೆ ನೀನು ಗೊತ್ತಿಲ್ಲದವನ ಹಾಗೆ ಬರೆದಿದ್ದೀಯ. ನಮ್ಮ ಚಿಕ್ಕ ವಿಮಾನಕ್ಕೆ ಚಕ್ರದ ಬದಲು ಎರಡು ಫ್ಲೋಟು, ಉದ್ದನೆಯ ಎರಡು ಟೊಳ್ಳು ದೋಣಿಗಳ ಹಾಗೆ. ಒಂದೊಂದರೊಳಗೆ ಅಡ್ಡಗೋಡೆ ಹಾಕಿ ಆರು ಕೋಣೆ. ರಾತ್ರಿಯೆಲ್ಲ ನೀರಲ್ಲಿ ನಿಂತರೆ ಯಾವುದಾದರೂ ಕೋಣೆಗೆ ಸ್ವಲ್ಪ ನೀರು ಇಳಿಯುತ್ತದೆ. ಬೆಳಿಗ್ಗೆ ರಬ್ಬರ್ ಬಿರಡೆ ತೆಗೆದು ಕೈಪಂಪು ಇಟ್ಟು ಎಳೆಯಬೇಕು. ಪಂಪು ಗೊರಗೊರ ಎಂದರೆ ಖಾಲಿಯಾಯಿತೆಂದು ಅರ್ಥ. ಹನ್ನೊಂದು ಕೋಣೆಗಳಿಗೆ ಎರಡೋ ಮೂರೋ ಎಳೆತ ಸಾಕು. ಎಡಗಡೆಯ ನಾಲ್ಕನೆಯದು ಮಾತ್ರ ಸೋರುಬುರುಕ, ಅದಕ್ಕೆ ಇಪ್ಪತ್ತು ದಾಟುತ್ತಿತ್ತು. ನೀರು ಉಳಿದರೆ ವಿಮಾನ ಒಂದು ಕಡೆಗೆ ಭಾರವಾಗುತ್ತದೆ, ಏಳುವಾಗ ವಾಲುತ್ತದೆ. ಎಲ್ಲ ಮುಗಿದ ಮೇಲೆ ಶೆಡ್ಡಿನ ಮೊಳೆಗೆ ನೇತುಹಾಕಿರುವ ಹಾಳೆಯಲ್ಲಿ ಆ ದಿನದ ಚೌಕದೊಳಗೆ ಸಹಿ ಹಾಕಬೇಕು.

ಈ ಕೆಲಸ ನಿನ್ನ ಭಾವನದು. ಇಪ್ಪತ್ತೆರಡು ವರ್ಷ ಒಂದು ಬೆಳಿಗ್ಗೆ ತಪ್ಪಿಸಿದವರಲ್ಲ. ಚಳಿಗಾಲದಲ್ಲಿ ಪಾಚಿ ಹಲಗೆಯ ಮೇಲೆ ಜಾರಿ ಬಲಭುಜದ ಮೇಲೆ ಬಿದ್ದರಲ್ಲ, ಅವತ್ತಿನಿಂದ ಆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಅಂಗಿಯ ಗುಂಡಿ ನಾನು ಹಾಕುತ್ತಿದ್ದೆ. ಮ್ಯಾನೇಜರಿಗೆ ಗೊತ್ತಾದರೆ ಕೆಲಸವೂ ಹೋಗುತ್ತದೆ, ಕೆಲಸದ ಜೊತೆ ಕೊಟ್ಟ ಈ ಮನೆಯೂ ಹೋಗುತ್ತದೆ ಎಂದು ಬಾಯಿ ಹೊಲಿದುಕೊಂಡೆವು. ಬೆಳಕು ಹರಿಯುತ್ತಿದ್ದ ಹಾಗೆ ನಾನು ಪಂಪು ಹೊಡೆಯುವುದು, ಅವರು ಪಕ್ಕದಲ್ಲಿ ಕೂತು ಎಣಿಸುವುದು, ಆಮೇಲೆ ಶೆಡ್ಡಿಗೆ ಹೋಗಿ ಅವರು ಸಹಿ ಹಾಕುವುದು. ‘ಸಹಿಯನ್ನೂ ನೀನೇ ಗೀಚಿಬಿಡು, ಯಾರು ನೋಡ್ತಾರೆ’ ಎಂದು ಒಮ್ಮೆ ಅಂದರು. ‘ಪಂಪು ಹೊಡೀತೀನಿ, ಇನ್ನೊಬ್ಬರ ಹೆಸರು ಬರಿಯೋಲ್ಲ’ ಎಂದೆ. ‘ಇನ್ನೊಬ್ಬರಂತೆ, ಗಂಡ ಇನ್ನೊಬ್ಬ ಆಗ್ಹೋದ್ನಲ್ಲ’ ಎಂದು ನಕ್ಕರು. ಆ ಒಂದು ಹಟ ಮಾಡಿದ್ದೇ ತಪ್ಪಾಯಿತೋ ಏನೋ.

ನೀನು ದಿನಾ ನೋಡುತ್ತಿದ್ದೆ. ಹಲ್ಲುಜ್ಜುತ್ತಾ ಬಂದು ‘ಏನಕ್ಕಾ, ಪೈಲಟ್ ಪರೀಕ್ಷೆ ಯಾವಾಗ ನಿಂದು?’ ಎಂದು ಛೇಡಿಸುತ್ತಿದ್ದೆ. ಮರೆತೆಯಾ?

ಆ ದಿನ ನಾನು ನಾಲ್ಕನೇ ಕೋಣೆಗೆ ಇಪ್ಪತ್ತಮೂರು ಎಳೆತ ಎಳೆದೆ. ಇಪ್ಪತ್ತನಾಲ್ಕನೆಯದಕ್ಕೆ ಗೊರಗೊರ ಅಂದಿತು. ಪಕ್ಕದಲ್ಲಿ ಎಣಿಸುವವರು ಇರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಭುಜ ತೋರಿಸಲು ನಿನ್ನ ಜೊತೆ ಹೊರಡಬೇಕಿತ್ತಲ್ಲ, ಕ್ಷೌರ ಮಾಡಿಸಿಕೊಳ್ಳಲು ಹೋಗಿದ್ದರು. ಬರುವ ಹೊತ್ತಿಗೆ ನೀನು ಇಂಜಿನ್ ಶುರು ಮಾಡಿಬಿಟ್ಟಿದ್ದೆ. ಶೆಡ್ಡಿಗೆ ಹೋಗಿ ಸಹಿ ಹಾಕಿ ಬರುತ್ತೇನೆ ಎಂದರೆ ‘ಬಂದ್ಮೇಲೆ ಹಾಕಿ ಭಾವ, ಹಾಳೆ ಎಲ್ಲೂ ಓಡಿಹೋಗಲ್ಲ’ ಎಂದೆ. ಹಾಳೆ ಓಡಿಹೋಗಲಿಲ್ಲ. ಆ ಚೌಕ ಖಾಲಿ ಉಳಿಯಿತು. ಈಗ ಆ ಖಾಲಿ ಚೌಕವನ್ನು ವಿಚಾರಣೆ ಸಾಹೇಬರಿಗೆ ತೋರಿಸಿ, ‘ನೀರು ತೆಗೆದಿರಲಿಲ್ಲ, ಎಡ ಫ್ಲೋಟು ಭಾರವಿತ್ತು, ಅದಕ್ಕೇ ಮಗುಚಿತು’ ಎನ್ನುತ್ತಿದ್ದೀಯ. ಒಡೆದ ಫ್ಲೋಟಿನೊಳಗೆ ಈಗ ಕೆರೆಯೇ ತುಂಬಿದೆ, ಯಾರು ಏನು ಸಾಬೀತು ಮಾಡಬಲ್ಲರು ಎನ್ನುವ ಧೈರ್ಯ ನಿನಗೆ. ಚಿಕ್ಕವನಿದ್ದಾಗ ಹಾಲಿನ ಪಾತ್ರೆ ಉರುಳಿಸಿ ಬೆಕ್ಕಿನ ಮೇಲೆ ಹಾಕುತ್ತಿದ್ದೆ. ನಾನೂ ‘ಹೌದಪ್ಪ, ಬೆಕ್ಕೇ’ ಎಂದು ಅಪ್ಪನ ಮುಂದೆ ನಿನ್ನನ್ನು ಉಳಿಸುತ್ತಿದ್ದೆ. ಈಗ ಸತ್ತವರ ತಲೆಯ ಮೇಲೆ ಗೂಬೆ ಕೂರಿಸುವುದಕ್ಕೂ ನಾನೇ ಬೇಕಾದೆ.

ಇನ್ನು ಮೊದಲನೇ ಸಾಲು. ಗಾಳಿ ಸಾಮಾನ್ಯವಾಗಿತ್ತಂತೆ.

ನಮ್ಮ ಜೆಟ್ಟಿ ಗುಡ್ಡದ ಮರೆಯಲ್ಲಿದೆ. ಗುಡ್ಡದ ಆಚೆಯಿಂದ ಬೀಸುವ ಗಾಳಿ ಇಲ್ಲಿ ನಿಂತವರಿಗೆ ತಿಳಿಯುವುದಿಲ್ಲ, ನೀರಿಗೆ ಚಾಚಿಕೊಂಡ ಮೂಗುಬಂಡೆ ದಾಟಿದ ಮೇಲೆ ಕೆನ್ನೆಗೆ ಹೊಡೆಯುತ್ತದೆ. ಇದನ್ನು ನನಗೆ ಹೇಳಿಕೊಟ್ಟವನು ನೀನು. ‘ಅಕ್ಕಾ, ಒಂದೇ ಸಮ ಬೀಸೋ ಗಾಳಿ ಎಷ್ಟೇ ಜೋರಿದ್ರೂ ನಂಗೆ ಭಯ ಇಲ್ಲ. ಎದ್ದು, ಬಿದ್ದು, ಮತ್ತೆ ಎದ್ದು ಬರುತ್ತಲ್ಲ, ಅದು ಮೋಸದ ಗಾಳಿ. ಸಾಕಷ್ಟು ವೇಗ ಬರೋಕೆ ಮುಂಚೆನೇ ಎತ್ತಿಬಿಡುತ್ತೆ, ಎತ್ತಿದ್ಮೇಲೆ ಕೈಬಿಡುತ್ತೆ’ ಎಂದು ಊಟಕ್ಕೆ ಕೂತಾಗ ತಟ್ಟೆಯನ್ನೇ ವಿಮಾನ ಮಾಡಿ ತೋರಿಸಿದ್ದೆ. ನಿನ್ನ ಭಾವ ‘ಊಟ ಚೆಲ್ಲಬೇಡವೋ’ ಎಂದು ತಟ್ಟೆ ಹಿಡಿದುಕೊಂಡಿದ್ದರು. ನೀರನ್ನು ಹೇಗೆ ಓದಬೇಕು ಎಂದೂ ಹೇಳಿಕೊಟ್ಟೆ. ಗಾಳಿ ಬಡಿದ ಕಡೆ ನೀರಿನ ಮೈ ಜುಮ್ಮೆಂದು ಮುಳ್ಳೇಳುತ್ತದೆ, ಕಪ್ಪಗೆ ಕಾಣುತ್ತದೆ. ಆ ಕಪ್ಪು ಮಚ್ಚೆಗಳು ಬಿಡಿಬಿಡಿಯಾಗಿ ಓಡುತ್ತಿದ್ದರೆ ಹಗ್ಗ ಬಿಚ್ಚಬಾರದು.

ಆ ದಿನ ಬಂಡೆಯ ಆಚೆ ನೀರು ಕಪ್ಪು ಮಚ್ಚೆ ಮಚ್ಚೆ. ಕಂಬದ ಮೇಲಿನ ಗಾಳಿಚೀಲ ಎದ್ದು ನೆಟ್ಟಗಾಗುವುದು, ತೊಪ್ಪೆಂದು ಬೀಳುವುದು, ಮತ್ತೆ ಏಳುವುದು. ಬಿಳಿಗಡ್ಡದವರು ತಮ್ಮ ವಿಮಾನಕ್ಕೆ ಜೋಡಿ ಹಗ್ಗ ಕಟ್ಟಿ ಬೆಂಚಿನ ಮೇಲೆ ಕೂತು ಚಪ್ಪಲಿ ಹೊಲಿಯುತ್ತಿದ್ದರು. ‘ನಾನಂತೂ ಇವತ್ತು ಚಮ್ಮಾರ’ ಎಂದರು. ನೀನು ‘ಅವರಿಗೆ ಗಾಳಿ ಅಂದ್ರೆ ನೆಗಡಿ ಆಗುತ್ತೆ’ ಎಂದು ಜೆಟ್ಟಿಯಲ್ಲಿ ನಿಂತಿದ್ದ ದೋಣಿಯವನಿಗೆ ಕೇಳಿಸುವ ಹಾಗೆ ಅಂದೆ. ದೋಣಿಯವನು ಹಲ್ಲು ಕಿರಿದು, ‘ನಮ್ಮ ಗಾಳಿರಾಯ ಹೋಗೇ ಹೋಗ್ತಾನೆ, ನೋಡ್ತಿರಿ’ ಎಂದ. ಆ ಅಡ್ಡಹೆಸರು ಕೇಳಿದರೆ ನಿನ್ನ ಎದೆ ಒಂದು ಗೇಣು ಉಬ್ಬುತ್ತಿತ್ತು. ಗಡ್ಡದವರು ಸೂಜಿಯಿಂದ ಕಣ್ಣೆತ್ತದೆ ನನಗೆ ಹೇಳಿದರು: ‘ಅಮ್ಮಾ, ನಿಮ್ಮ ತಮ್ಮನಿಗೆ ಸ್ವಲ್ಪ ಹೇಳಿ. ಗಾಳಿಗೆ ಗಾಳಿರಾಯ ಯಾರು ಅಂತ ಗೊತ್ತಿಲ್ಲ.’

ನಾನು ಹೇಳಲಿಲ್ಲ. ಇದನ್ನೂ ಬರೆಯುತ್ತೇನೆ, ಉಪವಾಸದ ದಿನ ನಿನ್ನದನ್ನು ಮಾತ್ರ ಬರೆದು ನನ್ನದನ್ನು ಮುಚ್ಚಿಟ್ಟರೆ ದೇವರು ಮೆಚ್ಚುವುದಿಲ್ಲ. ನಿನ್ನ ಭಾವನಿಗೆ ಹೋಗುವ ಮನಸ್ಸಿರಲಿಲ್ಲ. ‘ನಾಳೆ ದೋಣೀಲೇ ಹೋಗ್ತೀನಿ ಬಿಡೇ, ಭುಜ ಎಲ್ಲಿಗೆ ಓಡಿಹೋಗುತ್ತೆ’ ಎಂದರು. ನಾನೇ ಕೋಪ ಮಾಡಿಕೊಂಡು, ‘ನನ್ನ ತಮ್ಮ ಇರೋವಾಗ ಏನ್ ಹೆದರಿಕೆ ನಿಮಗೆ? ಹತ್ತಿ ಸುಮ್ಮನೆ’ ಎಂದೆ. ನಿನ್ನ ವಿಷಯದಲ್ಲಿ ನನಗೆ ಅಷ್ಟು ಜಂಬ. ತಾಯಿ ಹೋದ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ ವಿಮಾನ ಹಾರಿಸುತ್ತಾನೆ ಎಂದರೆ ಜಂಬ ಬಾರದೆ ಇರುತ್ತದೆಯೇ.

ಅವರು ಹತ್ತಿದರು. ಕೈ ಮೇಲೇಳದ್ದರಿಂದ ಬೆಲ್ಟು ಹಾಕಿಕೊಳ್ಳಲಾಗಲಿಲ್ಲ. ನೀನೇ ಬಾಗಿ ಹಾಕಿ ಬಿಗಿದೆ, ಬಾಗಿಲೂ ನೀನೇ ಮುಚ್ಚಿದೆ. ‘ಮಗುವಿಗೆ ಕಟ್ಟಿದ ಹಾಗೆ ಕಟ್ಟಿದೆಯಲ್ಲೋ’ ಎಂದರು. ಕಿಟಕಿಯಿಂದ ನನ್ನ ಕಡೆ ನೋಡಿ ಗಲ್ಲ ಸವರಿಕೊಂಡರು, ಕ್ಷೌರ ಹೇಗಿದೆ ಎಂದು ಕೇಳುವ ಹಾಗೆ.

ಬಾಲದ ಹಗ್ಗ ನನ್ನ ಕೈಯಲ್ಲಿತ್ತು. ಹಗ್ಗ ಸುಮ್ಮನಿರಲಿಲ್ಲ. ಕಟ್ಟಿದ ಹಸು ಬೆದರಿದಾಗ ಎಳೆಯುತ್ತದಲ್ಲ, ಹಾಗೆ ಜಗ್ಗುವುದು, ಸಡಿಲವಾಗುವುದು, ಮತ್ತೆ ಜಗ್ಗುವುದು. ಮರೆಯಲ್ಲೇ ಹೀಗಾದರೆ ಬಯಲಲ್ಲಿ ಹೇಗೋ ಎಂದು ನನ್ನ ಅಂಗೈಗೆ ತಿಳಿಯಿತು. ‘ತಮ್ಮಾ, ಹಗ್ಗ ಜಗ್ತಾ ಇದೆ, ಒಂದು ಗಳಿಗೆ ತಡಿ’ ಎಂದು ಕೂಗಿದೆ. ನೀನು ಕಿಟಕಿಯಿಂದ ತಲೆ ಹಾಕಿ, ‘ಹಗ್ಗ ಬಿಡೋದು ನಿನ್ನ ಕೆಲಸ ಅಕ್ಕಾ, ಹಾರಿಸೋದು ನಂದು’ ಎಂದೆ. ದೋಣಿಯವನು ನಕ್ಕ. ನಾನು ಬಿಟ್ಟೆ.

ಬಂಡೆಯ ಆಚೆಗೆ ನಿಧಾನವಾಗಿ ಹೋಗಿ, ಗಾಳಿಗೆ ಮೂಗು ಕೊಟ್ಟು ನಿಂತು, ಆಮೇಲೆ ಓಡಿಸುವುದು ಕ್ರಮ. ನೀನು ಮರೆಯಲ್ಲೇ ಓಟ ಶುರು ಮಾಡಿದೆ, ಗಾಳಿಗೆ ಅಡ್ಡಲಾಗಿ. ಬೆಂಚಿನ ಮೇಲೆ ಕೂತವರಿಗೆ ಕಾಣಬೇಕಿತ್ತಲ್ಲ. ಬಂಡೆಯ ಹತ್ತಿರ ಬಂದದ್ದೇ ತಡ, ವಿಮಾನ ಪಟ್ಟನೆ ಎದ್ದಿತು. ದೋಣಿಯವನು ಚಪ್ಪಾಳೆ ಹೊಡೆದ. ಗಡ್ಡದವರು ಚಪ್ಪಲಿ ಕೆಳಗೆ ಹಾಕಿ ಎದ್ದು ನಿಂತು, ‘ಅದು ಇಂಜಿನ್ ಎತ್ತಿದ್ದಲ್ಲ’ ಎಂದರು. ಅಷ್ಟರಲ್ಲಿ ಗಾಳಿ ಕೈಬಿಟ್ಟಿತು. ನೀನು ತಟ್ಟೆಯಲ್ಲಿ ತೋರಿಸಿದ್ದೆಯಲ್ಲ, ಥೇಟು ಹಾಗೆಯೇ. ಕೆಳಗೆ ಕುಕ್ಕಿತು, ಎಡ ಫ್ಲೋಟು ಮೂಗು ಊರಿತು, ಬಲಗಡೆಯಿಂದ ಇನ್ನೊಂದು ಗಾಳಿ ಬಂದು ರೆಕ್ಕೆಯ ಅಡಿಗೆ ಕೈಕೊಟ್ಟು ಮಗುಚಿಹಾಕಿತು. ಎರಡು ಫ್ಲೋಟುಗಳೂ ಮೇಲೆ, ಸತ್ತ ಮೀನಿನ ಹೊಟ್ಟೆಯ ಹಾಗೆ ಬೆಳ್ಳಗೆ.

ನಾನು ಕಂಡದ್ದು ಇಷ್ಟು. ಇದರಲ್ಲಿ ಎಲ್ಲಿದೆ ನಿನ್ನ ಸಾಮಾನ್ಯ ಗಾಳಿ?

ನೀನು ಬರೆದ ಒಂದು ಮಾತು ನನ್ನನ್ನು ಹತ್ತೊಂಬತ್ತು ದಿನ ಊಟ ಮಾಡಲು ಬಿಟ್ಟಿಲ್ಲ. ‘ಅಕ್ಕಾ, ಭಾವನಿಗೆ ಇನ್ನು ಒಳ್ಳೆ ಹೆಸರಿನಿಂದ ಏನೂ ಆಗಬೇಕಾಗಿಲ್ಲ. ನನಗೆ ಲೈಸೆನ್ಸು ಬೇಕು. ಭಾವ ಇದ್ದಿದ್ದರೆ ಅವರೇ ಒಪ್ಪುತ್ತಿದ್ದರು.’ ಒಪ್ಪುತ್ತಿದ್ದರೋ ಏನೋ. ಅವರು ಅಷ್ಟು ಮೆದು. ಆದರೆ ಅವರ ಬಳಿ ಇದ್ದದ್ದು ಆ ಹೆಸರೊಂದೇ. ಆ ಹೆಸರು ಬರೆದ ಹಾಳೆಗಳು ಶೆಡ್ಡಿನ ಮೊಳೆಯಲ್ಲಿ ಇಪ್ಪತ್ತೆರಡು ವರ್ಷ ನೇತಾಡಿವೆ. ಒಂದು ಚೌಕ ಖಾಲಿ ಇದೆಯೆಂದು ಉಳಿದದ್ದನ್ನೆಲ್ಲ ಒರೆಸಲು ನಾನು ಬಿಡುವುದಿಲ್ಲ.

ಹಾಗಾಗಿ ನಿನ್ನ ಹಾಳೆಗೆ ನಾನು ಸಹಿ ಹಾಕಿಲ್ಲ. ಅದರ ಬೆನ್ನಿಗೆ ನನ್ನ ಗುಂಡು ಅಕ್ಷರದಲ್ಲಿ ನಾನೇ ಬರೆದಿದ್ದೇನೆ: ನಾಲ್ಕು ತಿಂಗಳಿಂದ ಪಂಪು ಹೊಡೆದವಳು ನಾನು, ಆ ಬೆಳಿಗ್ಗೆಯೂ ನಾನೇ, ಹನ್ನೆರಡೂ ಕೋಣೆ ಖಾಲಿ ಇದ್ದವು, ಗಾಳಿ ಮೋಸದ್ದಿತ್ತು, ಹಗ್ಗ ಬಿಡಲು ಹೇಳಿದ್ದು ಪೈಲಟ್, ಬಿಟ್ಟದ್ದು ನಾನು. ಕೆಳಗೆ ನನ್ನ ಹೆಸರು, ನನ್ನದೇ. ಬಿಳಿಗಡ್ಡದವರಿಗೆ ಓದಿ ಹೇಳಿದೆ. ‘ಅಮ್ಮಾ, ಇದು ಹೋದ್ರೆ ಭುಜದ ಗುಟ್ಟು ಬಯಲಾಗುತ್ತೆ. ಈ ಮನೆ ಬಿಡಿಸ್ತಾರೆ. ಎಲ್ಲಿಗೆ ಹೋಗ್ತೀರಿ?’ ಎಂದರು. ‘ಎಲ್ಲಿಗಾದ್ರೂ. ಗಾಳಿ ಬರದ ಕಡೆ’ ಎಂದೆ. ಅವರು ನನ್ನಿಂದ ಇನ್ನೊಂದು ಪ್ರತಿ ಬರೆಸಿ ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ಆದ್ದರಿಂದ ನನ್ನ ಹಾಳೆ ದಾರಿಯಲ್ಲಿ ಕೈಜಾರಿ ನೀರಿಗೆ ಬಿದ್ದರೂ ಚಿಂತೆಯಿಲ್ಲ.

ನೀನು ಮತ್ತೆ ಹಾರಬಾರದೆಂದು ನಾನು ಶಾಪ ಹಾಕಿಲ್ಲ. ದೀಪದ ಮುಂದೆ ಕೂತಾಗ ನಾಲಗೆಯ ತುದಿಯವರೆಗೆ ಬಂದಿತ್ತು, ನುಂಗಿಕೊಂಡೆ. ಆದರೆ ನಿನ್ನ ಪಕ್ಕದ ಸೀಟಿನಲ್ಲಿ ಯಾರಾದರೂ ಕೂತರೆಂದು ಕೇಳಿದ ದಿನ ನಾನು ದೀಪದ ಮುಂದಿನಿಂದ ಏಳುವುದಿಲ್ಲ, ಅದಕ್ಕೆ ನಾನೇನೂ ಮಾಡಲಾರೆ.

ದೇವರು ನಿನ್ನ ಕಾಲು ವಾಸಿ ಮಾಡಲಿ. ನಿನ್ನ ಹೆಂಡತಿಯನ್ನು ಚೆನ್ನಾಗಿಡಲಿ, ಅವಳ ಮೇಲೆ ನನಗೆ ಯಾವ ಕೋಪವೂ ಇಲ್ಲ. ನಿನಗೆ ಬುದ್ಧಿ ಕೊಡಲಿ ಎಂದು ಬರೆದರೆ ಬೈದ ಹಾಗಾಗುತ್ತದೆ. ಬೈಗುಳವೇ ಎಂದು ತಿಳಿದುಕೋ.

ಇಂತು,
ನಿನ್ನ ಅಕ್ಕ

ಪತ್ರ ಮಡಿಸಿದ ಮೇಲೆ ನೆನಪಾದದ್ದಲ್ಲ, ಮೊದಲಿನಿಂದ ನೆನಪಿದ್ದದ್ದು: ನೀರಿಗಿಳಿದು ನಿನ್ನ ಭಾವನನ್ನು ಹೊರಗೆ ತಂದವನು ಹೋದ ವಾರ ಬಂದಿದ್ದ. ತಡೆದು ತಡೆದು ಹೇಳಿದ. ‘ಬೆಲ್ಟು ಹಾಕಿದ್ದು ಹಾಕಿದ ಹಾಗೇ ಇತ್ತಮ್ಮ. ಎಡಗೈ ಕೊಂಡಿ ಹತ್ತಿರ ಇತ್ತು, ಹುಡುಕ್ತಾ ಇದ್ದ ಹಾಗೆ. ಆ ಕೊಂಡಿ ಒಂದೇ ಕೈಯಲ್ಲಿ ಬಿಚ್ಚುತ್ತೆ. ಪಕ್ಕದಲ್ಲಿ ಕೂತವರು ಬಿಚ್ಚೋದಾದ್ರೆ ಒಂದು ಕ್ಷಣ ಸಾಕು.’ ಕುಡಿಯಲು ನೀರು ಕೊಟ್ಟು ಕಳಿಸಿದೆ.

ಅವರ ಬಲಗೈ ಏಳುವುದಿಲ್ಲವೆಂದು ಆ ವಿಮಾನದಲ್ಲಿ ಗೊತ್ತಿದ್ದವನು ನೀನೊಬ್ಬನೇ. ಬೆಲ್ಟು ಕಟ್ಟಿದವನೂ ನೀನೇ. ತಲೆಕೆಳಗಾಗಿ ನೀರು ತುಂಬಿದಾಗ ನಿನ್ನ ಬಾಗಿಲು ತೆರೆಯುವ ಮುಂಚೆ ಅವರ ಕಡೆಗೆ ಕೈ ಚಾಚಿದೆಯಾ? ಇಷ್ಟೇ ನನಗೆ ಬೇಕಾಗಿರುವುದು. ಗಾಳಿಯೂ ಬೇಡ, ಪಂಪೂ ಬೇಡ. ಚಾಚಿದೆ, ಸಿಗಲಿಲ್ಲ ಎಂದಿದ್ದರೆ ಹಾಗೆ ಬರೆ. ಚಾಚಲಿಲ್ಲ, ಜೀವಭಯ ಎಂದಿದ್ದರೆ ಹಾಗೆಯೇ ಬರೆ. ಎರಡರಲ್ಲಿ ಯಾವುದನ್ನಾದರೂ ನಾನು ಹೊರುತ್ತೇನೆ. ಖಾಲಿ ಬಿಟ್ಟ ಚೌಕವನ್ನು ಹೊರಲಾರೆ.

ಅದನ್ನು ಬರೆದು ಲಕೋಟೆಗೆ ಹಾಕಿ ನಿನ್ನ ಹೆಂಡತಿಯ ಕೈಗೆ ಕೊಡು. ನೀನು ಬರಬೇಡ. ಅವಳು ಬುಧವಾರದ ದೋಣಿಯಲ್ಲಿ ಬಂದು, ಅದನ್ನು ಕೊಟ್ಟು, ವಿಚಾರಣೆ ಸಾಹೇಬರಿಗೆಂದು ದೀಪದ ಹಿಂದೆ ಇಟ್ಟಿರುವ ನನ್ನ ಹಾಳೆಯನ್ನು ತೆಗೆದುಕೊಂಡು ಹೋಗಲಿ. ಗಾಳಿ ಎದ್ದು ಬಿದ್ದು ಬರುತ್ತಿದ್ದರೆ ಬುಧವಾರ ಬೇಡ, ಗುರುವಾರ ಬರಲಿ.